ಬಿಡಬ್ಯಾಡ

ಶರಣಪ್ಪನ ಆಟ ನಿಂತದ್ದು ನನ್ನ ಸುಳ್ಳಿನಿಂದ. ಅವನ ಸಿಟ್ಟು, ಅವನ ಅಶಿಸ್ತು, ಬಿಸಿ ರಕ್ತ — ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದೆಲ್ಲ ಬರೀ ಬೊಗಳೆ.

ತೆಲುಗು ನಾಡಿನಲ್ಲಿ, ತಾರ್ನಾಕದ ಒಂದು ಕಾಲೇಜಿಗೆ ನಾನೇ ಮೊದಲ ಕೋಚ್. ಫುಟ್‌ಬಾಲಿಗೂ ನಾನೇ, ಬಾಸ್ಕೆಟ್‌ಬಾಲಿಗೂ ನಾನೇ. ಇಬ್ಬರನ್ನು ಇಡುವ ಉಮೇದು ಆಡಳಿತದವರಿಗೆ ಇರಲಿಲ್ಲ. ಬೆಳಿಗ್ಗೆ ಕೋರ್ಟಿನಲ್ಲಿ ಎದುರಾಳಿಯ ಮೈ ಮುಟ್ಟಬೇಡಿ ಎನ್ನುತ್ತಿದ್ದೆ, ಸಂಜೆ ಮೈದಾನದಲ್ಲಿ ಅದೇ ಹುಡುಗರಿಗೆ ಮೈಮೇಲೆ ಹೋಗಿ ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ಶರಣಪ್ಪ ಎರಡೂ ಆಡುತ್ತಿದ್ದ. ನನ್ನ ಹಾಗೆಯೇ ಬೀದರ ಕಡೆಯವನು, ತಂಡದಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ಅದಕ್ಕೇ ಪಂದ್ಯದ ನಡುವೆ ಅವನಿಗೆ ಕನ್ನಡದಲ್ಲೇ ಕೂಗುತ್ತಿದ್ದೆ. ಎದುರಿನವರಿಗೆ ತಿಳಿಯುವುದಿಲ್ಲವಲ್ಲ — ಭಾರಿ ಜಾಣತನ ಎಂದುಕೊಂಡಿದ್ದೆ. ಕ್ರೀಡಾ ಕೋಟಾದಲ್ಲಿ ಅವನಿಗೆ ನೌಕರಿ ಸಿಗುವುದರಲ್ಲಿತ್ತು. ಆ ವರ್ಷವೊಂದನ್ನು ಆಡಿ ಮುಗಿಸಿದ್ದರೆ ಸಾಕಿತ್ತು.

ಒಂದು ದಿನ ಫುಟ್‌ಬಾಲ್ ಪಂದ್ಯದಲ್ಲಿ ಎದುರು ತಂಡದ ಹುಡುಗನೊಬ್ಬ ನಮಗೆ ನೀರು ಕುಡಿಸುತ್ತಿದ್ದ. ವಿರಾಮದಲ್ಲಿ ಶರಣಪ್ಪನ ಅಂಗಿ ಹಿಡಿದು ಗದರಿದೆ, "ಚೆಂಡ ಹೋದ್ರ ಹೋಗ್ಲಿ, ಅಂವ ಹೋಗಬಾರದು ನೋಡ. ಕಾಲಿಗೇ ಹೋಗು."

"ಪೆಟ್ಟ ಆಗ್ತೈತ್ರಿ ಸರ್…"

"ಆಗ್ಲಿ!" ಎಂದೆ.

ಆಟ ಮುಗಿಯುವ ಹೊತ್ತಿಗೆ ಆ ಹುಡುಗ ಮತ್ತೆ ಚೆಂಡು ತಳ್ಳಿಕೊಂಡು ಓಡಿಬಂದ. ಶರಣಪ್ಪ ಅರೆಕ್ಷಣ ತಡೆದ. ಗೆರೆಯ ಆಚೆಯಿಂದ ನಾನು ಗಂಟಲು ಹರಿಯುವಂತೆ ಕೂಗಿದೆ: "ಬಿಡಬ್ಯಾಡ!" ಅವನು ಬಿಡಲಿಲ್ಲ. ಆ ಹುಡುಗನ ಮೊಣಕಾಲು ಮುರಿಯಿತು. ಅವನ ಹೆಸರನ್ನು ಕೂಡ ನಾನು ಕೇಳಿ ತಿಳಿಯಲಿಲ್ಲ, ಥೂ ನನ್ನ ಜನ್ಮಕ್ಕೆ.

ವಿಚಾರಣೆಗೆ ಕೂತವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೆ ರೆಫರಿ ನನ್ನ ಕೂಗನ್ನು ಕೇಳಿಸಿಕೊಂಡಿದ್ದರು. "ಬಿಡಬ್ಯಾಡ ಅಂಟೇ ಏಂದಿ ಸಾರ್?" ಎಂದು ತೆಲುಗಿನಲ್ಲಿ ಅದರ ಅರ್ಥ ಕೇಳಿದರು. ನನ್ನ ನೌಕರಿ ಕಣ್ಣ ಮುಂದೆ ಬಂತು. ಬಾಯಿಂದ ತಾನಾಗಿ — ಇಲ್ಲ, ತಾನಾಗಿ ಅಲ್ಲ, ಯೋಚಿಸಿಯೇ ಹೇಳಿದೆ. ಅದು ಒಂದು ಮಾತಲ್ಲ, ಎರಡು: ಬಿಡು, ಬ್ಯಾಡ. ಅವನನ್ನು ಬಿಟ್ಟುಬಿಡು, ಬೇಡ ಎಂದೆ, ಇವನು ಕೇಳಲಿಲ್ಲ.

ಕನ್ನಡ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕೋಣೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬ ನನ್ನ ಪಕ್ಕದಲ್ಲೇ ನಿಂತಿದ್ದ. ಹೌದೇನೋ ಎಂದು ಅವನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ಆಮೇಲೆ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದ, "ಹೌ ಸಾಬ್, ಸರ್ ನಕ್ಕೋ ಬೋಲೇ." ಹೌದು, ಸರ್ ಬೇಡವೆಂದರು.

ಎರಡೂ ಆಟಗಳಿಂದ ಅವನನ್ನು ಹೊರಗೆ ಹಾಕಿದರು. ನೌಕರಿ ತಪ್ಪಿತು. ನನ್ನ ಹೆಸರಿಗೆ ಮಾತ್ರ 'ಶಿಸ್ತಿನ ಮನುಷ್ಯ' ಎಂಬುದು ಅಂಟಿಕೊಂಡಿತು — ಸ್ವಂತ ಆಟಗಾರನನ್ನೂ ಬಿಡಲಿಲ್ಲ ನೋಡಿ, ಎಂದರು. ನಾನು ತಲೆದೂಗಿದೆ.

ಹೋದ ತಿಂಗಳು ಹಿಮಾಯತ್‌ನಗರದ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದವನು ಎದ್ದು ಬಂದು ನನ್ನ ಕಾಲು ಮುಟ್ಟಿದ. ಶರಣಪ್ಪ. ತಲೆ ಅರ್ಧ ನರೆತಿದೆ. ನನ್ನ ಹೆಂಡತಿ ಸೀರೆಯ ಬಣ್ಣ ಆರಿಸುತ್ತಿದ್ದಳು. ನಾನು ಅವನನ್ನು ಬದಿಗೆ ಕರೆದು, "ಅವತ್ತ ಯಾಕ ಹೌದಂದಿ ತಮ್ಮಾ?" ಎಂದೆ.

"ಆಗ ನಿಮ್ಮ ಮನ್ಯಾಗ ಕೂಸು ಸಣ್ಣದಿತ್ತಲ್ರಿ ಸರ್. ನಿಮ್ಮದು ಹೋದ್ರ ನೌಕರಿ ಹೋಗ್ತಿತ್ತು. ನಂದು ಬರೇ ಆಟ," ಎಂದ. ಆಮೇಲೆ, "ವೈನಿಯವ್ರಿಗೆ ಇನ್ನಷ್ಟ ಸೀರಿ ತೋರಸ್ಲೇನ್ರಿ?"

ಬರೇ ಆಟ! ಆಟವೇ ಎಲ್ಲ ಎಂದು ಅವನಿಗೆ ಕಲಿಸಿದವನು ನಾನೇ ಅಲ್ಲವೇ…

ಬರುವ ವಾರ ಕಾಲೇಜಿನವರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಅಂದು ವಿಚಾರಣೆಗೆ ಕೂತವರಲ್ಲಿ ಕೆಲವರು ಬರುತ್ತಾರೆ. ಈ ತಪ್ಪೊಪ್ಪಿಗೆಯನ್ನೂ ನಾನು ಕನ್ನಡದಲ್ಲಿ ಬರೆದು ಕೈತೊಳೆದುಕೊಂಡರೆ ಅದೇ ಹಳೆಯ ಹೇಡಿತನ. ಅವರು ಯಾರೂ ಓದುವುದಿಲ್ಲ. ತೆಲುಗಿನಲ್ಲಿ ಹೇಳಬೇಕು, ಹಿಂದಿಯಲ್ಲಿ ಹೇಳಬೇಕು. ಶರಣಪ್ಪನಿಗೆ ಅದರಿಂದ ಏನೂ ಮರಳಿ ಬರುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ.