ಅತ್ತೆಯ ಎಡಗೈ

ಒಳಗೇನಿದೆ ಎಂದು ಒಡೆಯದೆ ತಿಳಿಯುವ ಚಪಲ ನನಗೆ ಅಂಟಿದ್ದು ಬಿಳಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ. ವರ್ಷವಿಡೀ ಒಣಗಲು ಬಿಟ್ಟ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವುದೇ ನನ್ನ ಆಟ. ಮುಂದೆ ನರರೋಗದ ವೈದ್ಯನಾದೆ. ಈಗಲೂ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಮೊಣಕಾಲಿಗೆ ಸುತ್ತಿಗೆ ತಟ್ಟಿ, ಅಂಗಾಲು ಗೀರಿ, ಒಳಗಿನದನ್ನು ಹೊರಗಿನಿಂದಲೇ ಊಹಿಸುತ್ತೇನೆ.

ಹೋದ ವರ್ಷ, ದಂಡಿನಶಿವರಕ್ಕೆ ಕೊಟ್ಟಿರುವ ನನ್ನ ಸೋದರತ್ತೆ ತಿಪಟೂರಿನ ಕ್ಲಿನಿಕ್ಕಿಗೆ ಬಂದಳು. ಎಡಗೈಯಲ್ಲಿ ಹಿಡಿದ ಲೋಟ ಜಾರುತ್ತಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು. ನೋವಿಲ್ಲ, ಜೋಮಿಲ್ಲ, ಮುಟ್ಟಿದ್ದು ಚೆನ್ನಾಗಿ ತಿಳಿಯುತ್ತದೆ. ಅವಳಿಗೆ ಅದೇ ಸಮಾಧಾನ, ನನಗೆ ಅದೇ ದಿಗಿಲು. ಸ್ಪರ್ಶವನ್ನು ಬಿಟ್ಟು ಬಲವನ್ನಷ್ಟೇ ತಿನ್ನುವ, ವಾಸಿಯಾಗದ ಕಾಯಿಲೆಯೊಂದಿದೆ. ಕೈಯಲ್ಲಿ ಶುರುವಾಗಿ ನಾಲಿಗೆಗೆ, ಕೊನೆಗೆ ಉಸಿರಿಗೇ ಬರುತ್ತದೆ.

“ಏನ್ ಕೆಲ್ಸ ಮಾಡ್ತೀಯತ್ತೆ?”

“ಈ ವಯಸ್ನಾಗೆ ಏನ್ ಕೆಲ್ಸ ಕಣ್ಲಾ? ನೆಳ್ಳಾಗೆ ಸುಮ್ಕೆ ಕೂತಿರ್ತೀನಿ.”

ಚೀಟಿಯಲ್ಲಿ ‘ಕೆಲಸವಿಲ್ಲ’ ಎಂದು ಬರೆದುಕೊಂಡೆ. ನಾಲಿಗೆ ಚಾಚಿಸಿ ನೋಡಿದೆ. ಅದುರುತ್ತಿರಲಿಲ್ಲ, ಆದರೂ ಭಯ ಹೋಗಲಿಲ್ಲ. ಸೋಮವಾರ ನರದ ಪರೀಕ್ಷೆಗೆ ಬಾ ಎಂದೆ. ಏನಾಗಿದೆ ಎಂದು ಅವಳು ಕೇಳಲೇ ಇಲ್ಲ.

ಭಾನುವಾರ ಮನೆಯಲ್ಲಿ ಕೂರಲಾಗದೆ ದಂಡಿನಶಿವರಕ್ಕೆ ಹೋದೆ. ಹಲಸಿನ ಮರದ ನೆರಳಲ್ಲಿ ‘ಸುಮ್ಮನೆ’ ಕೂತಿದ್ದ ಅತ್ತೆ, ಸುಲಿದ ಕಾಯಿಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಮಚ್ಚಿನಿಂದ ಚಿಪ್ಪು ಒಡೆಯುತ್ತಿದ್ದಳು. ಒಂದು ಗೀರೂ ಇಲ್ಲದ ಉಂಡೆ ಕೊಬ್ಬರಿ ಈಚೆ ಬರುತ್ತಿತ್ತು. ಪಕ್ಕದಲ್ಲಿ ಅವಳಷ್ಟೇ ಎತ್ತರದ ರಾಶಿ. ಒಂದೊಂದು ಏಟೂ ಬೀಳುತ್ತಿದ್ದುದು ಅಂಗೈಯ ಬುಡಕ್ಕೆ, ಕಿರುಬೆರಳಿನ ಕಡೆಗೆ. ನರ ಕವಲಾಗುವುದು ಅಲ್ಲೇ. ಸ್ಪರ್ಶದ ಎಳೆ ಬೆರಳಿಗೆ ಹೋಗುತ್ತದೆ, ಬಲದ ಎಳೆ ಅಂಗೈಯ ಆಳಕ್ಕೆ ಇಳಿಯುತ್ತದೆ. ಏಟು ನಲುಗಿಸುತ್ತಿದ್ದುದು ಈ ಬಲದ ಎಳೆಯನ್ನಷ್ಟೇ. ಪುಸ್ತಕದಲ್ಲಿ ಓದಿ ಎಂಥ ಹಂಚಿಕೆ ಎಂದು ಬೆರಗಾಗಿದ್ದವನು, ಅದನ್ನು ಕಣ್ಣೆದುರೇ ನೋಡುತ್ತ ನಿಂತೆ.

“ಇದೇನತ್ತೆ, ಕೆಲ್ಸ ಇಲ್ಲ ಅಂದ್ಯಲ್ಲ!”

“ಚಿಪ್ಪು ಹೊಡೆಯೋದೂ ಒಂದು ಕೆಲ್ಸವೇನ್ಲಾ? ಮರ ಹತ್ತೋದು ಕೆಲ್ಸ, ಕಾಯಿ ಸುಲಿಯೋದು ಕೆಲ್ಸ. ಇದು ಕೂತ್ಕಂಡು ಮಾಡೋದು.”

ನಮ್ಮ ಸೀಮೆಯಲ್ಲಿ ಹೆಂಗಸರು ಕೂತು ಮಾಡಿದ್ದು ಕೆಲಸದ ಲೆಕ್ಕಕ್ಕೇ ಇಲ್ಲ. ಕೊಬ್ಬರಿ ಮನೆಯಲ್ಲೇ ಹುಟ್ಟಿದ ನನಗೆ ಇದು ಗೊತ್ತಿರಬೇಕಿತ್ತು. ನನ್ನ ಮೇಲೇ ಸಿಟ್ಟು ಬಂತು.

ಸೋಮವಾರದ ಪರೀಕ್ಷೆಯೂ ಅದನ್ನೇ ಹೇಳಿತು. ನರ ನಲುಗಿದ್ದು ಅಂಗೈಯಲ್ಲಿ ಮಾತ್ರ.

“ಮಚ್ಚು ಬುಟ್ಬುಡು. ನಿಧಾನಕ್ಕೆ ಕೈಗೆ ಬಲ ಬತ್ತದೆ. ಪ್ರಾಣಕ್ಕೇನೂ ಇಲ್ಲ” ಎಂದೆ.

ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತನ್ನ ಮುಂಗೈಗಳನ್ನು ನೋಡಿಕೊಂಡಳು.

“ಅವತ್ತು ನೀನು ನನ್ನ ನಾಲ್ಗೆ ನೋಡ್ವಾಗ ನಾನು ನಿನ್ ಮೊಖ ನೋಡ್ದೆ ಕಣ್ಲಾ. ಹೋಗೋ ಕಾಲ ಬಂತು ಅಂದ್ಕಂಡು ಚಿನ್ನದ ಬಳೆ ಎರಡೂ ಸೊಸೇಗೆ ಕೊಟ್ಬುಟ್ಟೆ. ಈಗ ಹೆಂಗ್ಲಾ ವಾಪಸ್ ಕೇಳ್ಲಿ?”