ಕಾಗೆಗೆ ಮಾತು ಕೊಟ್ಟು ಗ್ರೀಕ್ ದೇವರನ್ನು ಕೊಂದದ್ದು

ಹಾಲುತುಪ್ಪದ ದಿನ ಕಾಗೆ ಮುಟ್ಟಲಿಲ್ಲ.

ಬಾಗಲಗುಂಟೆಯ ಸ್ಮಶಾನದಲ್ಲಿ ನಮ್ಮ ಯಜಮಾನರ ಮಣ್ಣಿನ ಮೇಲೆ ಎಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟಿದ್ದೆವು. ಮುದ್ದೆ, ನಾಟಿ ಕೋಳಿ ಸಾರು, ಬೋಂಡ, ಒಂದು ಪ್ಯಾಕ್ ಸಿಗರೇಟು. (ಸಿಗರೇಟು ಬಿಟ್ಟು ವರ್ಷಗಳಾಗಿದ್ದವು. ಇನ್ನು ಡಾಕ್ಟರ ಮಾತು ಯಾಕೆ ಕೇಳಬೇಕು ಎಂದು ಮೈದುನ ಇಟ್ಟ.) ಕಾಗೆ ಪಕ್ಕದ ಫ್ಯಾಕ್ಟರಿಯ ಶೀಟಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿತ್ತು. ಇಳಿಯಲಿಲ್ಲ.

ಕಾಗೆ ಇಳಿಯದಿದ್ದರೆ ಏನರ್ಥ ಎಂದು ನಿಮಗೆ ಗೊತ್ತೇ ಇದೆ. ಹೋದವರಿಗೆ ಏನೋ ಆಸೆ ಉಳಿದಿದೆ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು.

ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಎಂದ ಮೈದುನ. ಕಾಗೆ ರೆಕ್ಕೆ ಕೆದರಿಕೊಂಡಿತು. ಓದು ಅರ್ಧಕ್ಕೆ ಬಿಡುವುದಿಲ್ಲ ಎಂದಳು ಮಗಳು. ಕಾಗೆ ಆ ಕಡೆ ತಿರುಗಿ ಕೂತಿತು. ದಾಯಾದಿಯೊಬ್ಬರು ಗೋಡೆಯ ಜಗಳ ಇವತ್ತಿಗೆ ಬಿಟ್ಟೆ ಎಂದುಬಿಟ್ಟರು. (ಆಮೇಲೆ ವಾಪಸ್ ತೆಗೆದುಕೊಂಡರು. ಕಾಗೆ ಇಳಿದದ್ದು ತಮ್ಮ ಮಾತಿಗಲ್ಲವಲ್ಲ ಎಂಬುದು ಅವರ ವಾದ.)

ಬಿಸಿಲು ಏರುತ್ತಿತ್ತು. ನನಗೆ ಮಾತ್ರ ಒಂದು ವಿಷಯ ಗೊತ್ತಿತ್ತು. ಹೇಳುವುದೋ ಬೇಡವೋ ಎಂದು ನೋಡಿ, ಕೊನೆಗೆ ಮೆಲ್ಲಗೆ ಹೇಳಿದೆ.

"ಆ ಆಟ ನಾನು ಮುಗಿಸ್ತೀನಿ ಕಣ್ರೀ."

ಕಾಗೆ ಬಂತು. ಬೋಂಡ ಎತ್ತಿಕೊಂಡು ಹೋಯಿತು. ಎಲ್ಲರೂ ನನ್ನನ್ನು ನೋಡಿದರು.

ಯಾವ ಆಟ? ಹೇಳುತ್ತೇನೆ.

ನಮ್ಮವರು ಪೀಣ್ಯದ ಒಂದು ಮೆಶೀನ್ ಶಾಪಿನಲ್ಲಿ ಆಪರೇಟರ್. ಒಂದು ವರ್ಷ ಆಯುಧಪೂಜೆಗೆ ಅಲ್ಲಿ ಲಕ್ಕಿ ಡ್ರಾ ಇಟ್ಟಿದ್ದರು. ಮಿಕ್ಸಿ ಬರಲಿ ಎಂದು ನಾನು ದೇವರಿಗೆ ಹೇಳಿಕೊಂಡಿದ್ದೆ. ಬಂದದ್ದು ಮಾಲೀಕರ ಮಗ ಆಡಿ ಬಿಟ್ಟಿದ್ದ ವಿಡಿಯೋ ಗೇಮ್. ಜೊತೆಗೆ ಒಂದೇ ಒಂದು ಸೀಡಿ. ಗ್ರೀಕ್ ಪುರಾಣದ ಆಟ.

ಅದರಲ್ಲಿ ಒಬ್ಬ ಸಿಟ್ಟಿನ ಸೈನಿಕ. ದೇವರುಗಳು ಅವನಿಗೆ ಏನೋ ಮೋಸ ಮಾಡಿದ್ದಾರೆ. ಅವನು ಬೆಟ್ಟ ಹತ್ತುತ್ತ ಸಿಕ್ಕಿದವರನ್ನೆಲ್ಲ ಕೊಲ್ಲುತ್ತ ಹೋಗುತ್ತಾನೆ. ಹಾವಿನ ಕೂದಲಿನ ಹೆಂಗಸಿನ ತಲೆ ಕೀಳುತ್ತಾನೆ. ಒಕ್ಕಣ್ಣಿನ ರಾಕ್ಷಸನಿಗೆ ಇದ್ದ ಒಂದು ಕಣ್ಣನ್ನೂ ಉಳಿಸುವುದಿಲ್ಲ. ಟಿವಿ ತುಂಬ ರಕ್ತ.

ಇದನ್ನು ಆಡುತ್ತಿದ್ದವರು ಯಾರು? ಜಿರಲೆ ಕಂಡರೆ ಪೇಪರಿನ ಮೇಲೆ ಹತ್ತಿಸಿಕೊಂಡು ಹೋಗಿ ಮೋರಿಗೆ ಬಿಟ್ಟು ಬರುತ್ತಿದ್ದ ಮನುಷ್ಯ. ಬೆಳಗ್ಗೆ ಸ್ನಾನ ಮಾಡಿ ದೇವರಿಗೆ ಕೈಮುಗಿದು ಡ್ಯೂಟಿಗೆ ಹೋಗುವುದು, ಸಂಜೆ ಬಂದು ಕಾಫಿ ಕುಡಿದು ದೇವರುಗಳನ್ನು ಕೊಲ್ಲುವುದು. ನಾನೊಮ್ಮೆ ಕೇಳಿದ್ದಕ್ಕೆ, ಇವರೇನು ನಮ್ಮ ದೇವರಲ್ಲವಲ್ಲ ಎಂದರು.

ಕೊನೆಯ ದೇವರ ಹತ್ತಿರ ಮಾತ್ರ ಸೋಲುತ್ತಿದ್ದರು. ವಾರಗಟ್ಟಲೆ ಸೋತರು. ಒಂದು ಸಂಜೆ, ಇವತ್ತು ಇವನ ಕಥೆ ಮುಗಿಸ್ತೀನಿ ನೋಡು ಎಂದು ಕೂತರು. ಆಟದಲ್ಲಿ ಸಾವೆಂದರೆ ಗುಡುಗು, ಸಿಡಿಲು, ಬೆಟ್ಟ ಬೀಳುವುದು. ನಮ್ಮ ಮನೆಗೆ ಬಂದಾಗ ಅಷ್ಟು ಗಲಾಟೆ ಇರಲಿಲ್ಲ. ಕಾಫಿ ಲೋಟ ಕೆಳಗಿಟ್ಟರು. ಎದೆ ಉಜ್ಜಿಕೊಂಡರು. ಅಷ್ಟೆ.

ಇರಲಿ. ಮಾತು ಕೊಟ್ಟಾಗಿತ್ತು.

ಅವರ ಜೊತೆ ಕೆಲಸ ಮಾಡುತ್ತಿದ್ದ ಕುಮಾರ್ ವಿಷಯ ಕೇಳಿ ಭಾನುವಾರ ಮನೆಗೆ ಬಂದರು. ನೀವ್ಯಾಕೆ ಕಷ್ಟಪಡ್ತೀರಕ್ಕ, ಊಟದೊಳಗೆ ನಾನೇ ಮುಗಿಸಿಕೊಡ್ತೀನಿ ಎಂದರು. ನಮ್ಮತ್ತೆ ಒಪ್ಪಲಿಲ್ಲ.

"ಮಾತು ಕೊಟ್ಟೋಳು ಅವಳು. ನೀನು ಮುಗಿಸುದ್ರೆ ಅದೆಂಗಪ್ಪ ಅವನಿಗೆ ಮುಟ್ಟತೈತೆ?"

ಕುಮಾರ್ ಆಟವನ್ನು ನನಗೆ ಕಲಿಸಲು ಕೂತರು.

ರಿಮೋಟಿನಂಥ ಅದನ್ನು ನಾನು ಎರಡು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ನಮ್ಮವರ ಹೆಬ್ಬೆರಳು ಕೂರುವ ಜಾಗ ಸವೆದು ನುಣ್ಣಗಾಗಿತ್ತು. ಸಂದಿಯಲ್ಲಿ ಕುಂಕುಮ. ಆಯುಧಪೂಜೆಗೆ ಸ್ಕೂಟರಿನ ಜೊತೆ ಇದಕ್ಕೂ ಇಟ್ಟಿದ್ದರು. ಒರೆಸಿದರೆ ಹೋಗುತ್ತಿತ್ತೇನೋ. ಒರೆಸಲಿಲ್ಲ.

ಮಧ್ಯಾಹ್ನ ಊಟದ ಮೇಲೆ ದಿನಾ ಕೂತೆ. ಕುಮಾರ್ ಭಾನುವಾರಗಳಂದು ಬಂದು ಕೆಲಸ ಪರೀಕ್ಷಿಸುವ ಹಾಗೆ ಹಿಂದೆ ನಿಲ್ಲುತ್ತಿದ್ದರು. ಸುಮ್ಮನೆ ಗುದ್ದಬೇಡಿ ಅಕ್ಕ, ಜಾಬ್ ಕೆಡುತ್ತೆ ಎನ್ನುತ್ತಿದ್ದರು. ಫ್ಯಾಕ್ಟರಿಯಲ್ಲಿ ಮೆಶೀನಿಗೆ ಹಾಕುವ ಕಬ್ಬಿಣದ ತುಂಡನ್ನು ಜಾಬ್ ಎನ್ನುತ್ತಾರೆ. ನನ್ನ ಜಾಬ್ ಒಬ್ಬ ಗಡ್ಡದ ದೇವರು, ಕೈಯಲ್ಲಿ ಸಿಡಿಲು.

ಸತ್ತೆ. ಮತ್ತೆ ಸತ್ತೆ. ಈ ಆಟದಲ್ಲಿ ಸತ್ತವನು ಮರುಕ್ಷಣ ಕೊನೆಯ ದೇವರ ಅದೇ ಬಾಗಿಲ ಹತ್ತಿರ ಎದ್ದು ನಿಂತಿರುತ್ತಾನೆ. ಮೈಮೇಲೆ ಒಂದು ಗಾಯವಿಲ್ಲ. ಅವನ ಮನೆಯವರಿಗೆ ಯಾರೂ ಫೋನ್ ಮಾಡಬೇಕಾಗಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅತ್ತೆ ಧಾರಾವಾಹಿ ಬಿಟ್ಟು ಪಕ್ಕದಲ್ಲಿ ಕೂತರು. ಆ ಸೈನಿಕ ಬಾಗಿಲ ಕಾವಲಿನವನೊಬ್ಬನ ಕರುಳು ಬಗೆಯುವುದನ್ನು ಮೊದಲ ಸಲ ನೋಡಿ, ಯಾರವ್ವ ಇವನು, ವೀರಭದ್ರನಾ ಎಂದು ಕೇಳಿದರು. ಅಲ್ಲ, ಬೇರೆ ದೇಶದವನು ಎಂದೆ. ಅಲ್ಲೂ ಇಂಗೇನಾ ಎಂದರು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಕಂಬದಿಂದ ಬಂದು ಕರುಳು ಹಾಕಿಕೊಂಡವನ ಪಟ ನಮ್ಮ ನಡುಮನೆಯಲ್ಲೇ ಇದೆ. ದಿನಾ ಹೂ ಮುಡಿಸುತ್ತೇವೆ. ಇಂಥ ಆಟಗಳಿಂದ ಮಕ್ಕಳು ಕೆಡುತ್ತಾರೆ ಎಂದು ಪೇಪರಿನಲ್ಲಿ ಬರೆಯುತ್ತಾರಲ್ಲ, ಅವರ ಮನೆಯಲ್ಲಿ ಯಾವ ಪಟ ಇದೆಯೋ.

ಹೋದ ಬುಧವಾರ ಕೊಂದೆ.

ಕೊನೆಗೆ ಒಂದೇ ಬಟನ್ನನ್ನು ಒತ್ತುತ್ತಲೇ ಇರು ಎನ್ನುತ್ತದೆ ಆಟ. ಒತ್ತಿದೆ. ಅವನು ಬಿದ್ದ. ಆದರೂ ಒತ್ತುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅತ್ತೆ ನನ್ನ ಕೈ ಮೇಲೆ ಕೈ ಇಟ್ಟರು.

"ಸಾಕು ಬುಡವ್ವ. ಸತ್ತೋದ."

ಆಟ ತಯಾರಿಸಿದವರ ಹೆಸರುಗಳು ಟಿವಿಯಲ್ಲಿ ಮೇಲಕ್ಕೆ ಹೋಗತೊಡಗಿದವು. ಮುಗಿಯುವ ಹಾಗೆಯೇ ಕಾಣಲಿಲ್ಲ. ಇಷ್ಟೂ ಜನ ಸತ್ತರಾ ಎಂದು ಅತ್ತೆ ಕೇಳಿದರು. ಇಲ್ಲ, ಇವರೆಲ್ಲ ಬದುಕಿದ್ದಾರೆ ಎಂದೆ. ಒಳ್ಳೇದಾಗ್ಲಿ ಎಂದು ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದರು. ಅವರ ಮಟ್ಟಿಗೆ ಮಗನಿಗೆ ಮುಕ್ತಿ ಸಿಕ್ಕಿತ್ತು.

ಹೆಸರುಗಳು ಮುಗಿದ ಮೇಲೆ ಆಟ ಒಂದು ಪ್ರಶ್ನೆ ಕೇಳಿತು. ಗೆದ್ದದ್ದನ್ನು ಸೇವ್ ಮಾಡಬೇಕೆ? ಮೆಮೊರಿ ಕಾರ್ಡಿನಲ್ಲಿ ಜಾಗ ಇರಲಿಲ್ಲ. ಹಾಗಾಗಿ ಹಳೆಯದು ಹೋಗುತ್ತದೆ, ಪರವಾಗಿಲ್ಲವೆ?

ಹಳೆಯದೆಂದರೆ ನಮ್ಮವರು ನಿಲ್ಲಿಸಿದ ಜಾಗ. ಆ ಬಾಗಿಲು, ಅದರ ಮುಂದೆ ಏದುಸಿರು ಬಿಡುತ್ತ ನಿಂತ ಸೈನಿಕ. ಇವತ್ತು ಮುಗಿಸ್ತೀನಿ ನೋಡು ಎಂದದ್ದು ಅಲ್ಲಿಂದಲೇ.

ಬೇಡ ಎಂದು ಒತ್ತಿ, ಟಿವಿ ಆರಿಸಿದೆ.

ಈಗ ನಾನು ಗೆದ್ದೆ ಎನ್ನಲು ಅತ್ತೆಯ ಸಾಕ್ಷಿ ಬಿಟ್ಟರೆ ಬೇರೆ ಏನೂ ಇಲ್ಲ. ವಿಷಯ ಕೇಳಿ ಕುಮಾರ್ ತಲೆ ಕೆರೆದುಕೊಂಡರು. ಹಾಗಾದರೆ ಲೆಕ್ಕಕ್ಕೆ ಅದು ಮುಗಿದಂತಾಗಲಿಲ್ಲವಲ್ಲ ಅಕ್ಕ ಎಂದರು.

ಇರಬಹುದು. ಆದರೆ ನಾನು ಕಾಗೆಗೆ ಮಾತು ಕೊಟ್ಟದ್ದು ಆಟ ಮುಗಿಸುತ್ತೇನೆ ಎಂದು. ಅವರನ್ನು ಆ ಬಾಗಿಲಿಂದ ಎಬ್ಬಿಸಿ ಕಳಿಸುತ್ತೇನೆ ಎಂದಲ್ಲವಲ್ಲ?