ಗಾಳಿ ಇಲ್ಲದ ದಿನ ಅಣುವಿನ ಮಾತು

ಹೊಳಲ್ಕೆರೆ ಕಡೆಯ ಗುಡ್ಡದ ಮೇಲೆ ನಾನು ಗಾಳಿಯಂತ್ರ ರಿಪೇರಿ ಮಾಡುತ್ತೇನೆ. ಅವತ್ತು ಗಾಳಿಯೇ ಇಲ್ಲದೆ ರೆಕ್ಕೆಗಳೆಲ್ಲ ನಿಂತಿದ್ದವು. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು, "ಇವು ನಿಂತ್ರೆ ಕರೆಂಟು ಎಲ್ಲಿಂದ ಬರ್ತೈತಪ್ಪ?" ಎಂದರು.

ನನಗೆ ಹುರುಪು ಬಂತು. "ಅಣುಸ್ಥಾವರ ಬೇಕಜ್ಜಿ! ಗಾಳಿ ಬೇಡ, ಬಿಸಿಲು ಬೇಡ, ಹೊಗೆಯೂ ಇಲ್ಲ. ಹಗಲೂ ರಾತ್ರಿ ಕರೆಂಟು!" ಎಂದು ಕೈ ಬೀಸಿ ಬೀಸಿ ಹೇಳಿದೆ.

"ಅಪಾಯ ಇಲ್ಲೇನು?"

"ಐತಜ್ಜಿ. ಅದಕ್ಕೇ ದಪ್ಪ ಗೋಡೆ ಕಟ್ಟಿ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾರೆ."

"ಹಂಗಾರೆ ಬರ್ಲಿ ಬಿಡು. ಅದು ಬಂದ್ಮೇಲೆ ನಿನ್ ಕೆಲ್ಸ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಮುಖ ನೋಡಿ ಅಜ್ಜಿ ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

"ಹೆದರ್ಬ್ಯಾಡ, ಕುರಿ ಕಾಯಾದು ನಾನು ಕಲಿಸ್ತೀನಿ" ಎಂದರು.

ಈಗಲೂ ಅಣುವಿದ್ಯುತ್ತಿನ ಪರ ಜೋರಾಗಿಯೇ ವಾದಿಸುತ್ತೇನೆ, ನಮ್ಮ ಗಾಳಿಯಂತ್ರ ಕಂಪನಿಯ ಸಾಹೇಬರು ಹತ್ತಿರ ಇಲ್ಲದಾಗ ಮಾತ್ರ.